ಮೂರನೇ ಸುತ್ತು

6 ಜನವರಿ 2025, ಸೋಮವಾರ. ಮಧ್ಯಾಹ್ನ

ಅಕ್ಷರ ಚೆನ್ನಾಗಿಲ್ಲ. ಬೆರಳಿಗೆ ಹಿಟ್ಟು ಮೆತ್ತಿದೆ, ಪೆನ್ನು ಜಾರುತ್ತದೆ. ಒತ್ತು ತಪ್ಪಿರಬಹುದು, ದೀರ್ಘ ಬಿಟ್ಟಿರಬಹುದು. ಐದನೇ ಕ್ಲಾಸಿನವರೆಗೆ ಕಲಿತದ್ದು ಇಷ್ಟೇ. ಯಾರೂ ಓದುವುದಿಲ್ಲ. ಆದರೂ ತಪ್ಪಾಯಿತು ಎಂದು ಮೊದಲೇ ಬರೆದಿಡುತ್ತೇನೆ. ಎಲ್ಲಾ ಕಡೆ ಮೊದಲು ಅದನ್ನೇ ಹೇಳಿ ಅಭ್ಯಾಸ.

ಇವತ್ತು ನಿರ್ಮಲಮ್ಮನ ರೊಟ್ಟಿ ಕೇಂದ್ರಕ್ಕೆ ಮದುವೆ ಆರ್ಡರ್. ನಾನು ತಟ್ಟುವುದು, ಮಮತಾ ಬೇಯಿಸುವುದು. ಹಿಟ್ಟಿನ ಡಬ್ಬಕ್ಕೆ ಫೋನ್ ಆನಿಸಿ ಬಾಂಬೆ ಕಾಳನ ಹಳೇ ವಿಡಿಯೊ ಹಾಕಿದ್ದೆ. ಮಮತಾ ಸುಮ್ಮನಿರುವವಳಲ್ಲ.

"ನೋಡ್ರೀ ನಿರ್ಮಲಮ್ಮ, ರೋಜಾ ಮತ್ತೆ ಗಂಡನ್ನ ನೋಡ್ಕೋತ ಕುಂತಾಳ. ಅಂಚೆಲ್ಲಾ ಒಡದಾವ."

"ಅಂಥ ಗಂಡ ಸಿಕ್ರೆ ರೊಟ್ಟಿ ಯಾಕ್ ತಟ್ಟದು, ಇವಳನ್ನೇ ತಟ್ತಾನ" ಎಂದರು ನಿರ್ಮಲಮ್ಮ.

ನಕ್ಕೆ. ಉತ್ತರ ಬರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಾಗ ಬಂತು. ಯಾವಾಗಲೂ ಹಾಗೆಯೇ.

ಅದಕ್ಕೇ ಕಾಳ ಇಷ್ಟ. ಧಡಂ ರೆಸ್ಲಿಂಗ್ ಅಂತ ಸಣ್ಣ ಕಂಪನಿ. ಟಿವಿಯಲ್ಲಿ ಬರುವುದಿಲ್ಲ. ಲಾರಿಯಲ್ಲಿ ರಿಂಗ್ ಹೇರಿಕೊಂಡು ಊರೂರು ತಿರುಗುತ್ತಾರೆ, ವಿಡಿಯೊ ಹಾಕುತ್ತಾರೆ. ಕಾಳ ಅದರ ವಿಲನ್. ಕರಿ ವೆಲ್ವೆಟ್ ಕೋಟು, ಚಿನ್ನದ ಬಣ್ಣದ ಕನ್ನಡಕ. ಬಂದವನೇ ಜನರ ಮೇಲೆ ಸೆಂಟ್ ಹೊಡೆಯುತ್ತಾನೆ — ನಿಮ್ಮೂರು ನಾರುತ್ತದೆ ಎಂದು. ಜನ ಬಾಯಿಗೆ ಬಂದಂತೆ ಬೈಯುತ್ತಾರೆ. ಒಬ್ಬೊಬ್ಬರಿಗೂ ತಿರುಗಿ ಉತ್ತರ ಕೊಡುತ್ತಾನೆ, ಆ ಕ್ಷಣಕ್ಕೇ. ಎಲ್ಲರೂ ಹೀರೊ ತುಂಗಾ ಹುಲಿಯ ಕಡೆ. ಕಾಳನ ಕಡೆ ನಾನೊಬ್ಬಳೇ ಇರಬಹುದು.

ಎಲ್ಲಾ ಮೊದಲೇ ಮಾತಾಡಿಕೊಂಡ ಆಟ. ಗೊತ್ತು. ಎತ್ತಿ ಒಗೆಸಿಕೊಳ್ಳುವ ಮೊದಲು ಕಾಳ ಎಡಗಾಲಲ್ಲಿ ಸಣ್ಣಗೆ ಜಿಗಿಯುತ್ತಾನೆ. ಎತ್ತುವವನಿಗೆ ಹಗುರವಾಗಲಿ ಎಂದು. ಬಿದ್ದಾಗ ಅಂಗೈಯಿಂದ ಹಲಗೆ ಬಡಿಯುತ್ತಾನೆ, ಸದ್ದಿಗೆ. ನೂರು ಸಲ ನೋಡಿದ ಮೇಲೆ ಕಾಣಿಸಿತು. ಯಾರಿಗೂ ಹೇಳಿಲ್ಲ.

9 ಜನವರಿ, ಗುರುವಾರ

ಬಸ್ ಸ್ಟ್ಯಾಂಡ್ ಕಾಂಪೌಂಡಿಗೆ ಪೋಸ್ಟರ್. ಧಡಂ ಶಿಕಾರಿಪುರಕ್ಕೆ ಬರುತ್ತಿದೆ! ಹತ್ತೊಂಬತ್ತನೇ ತಾರೀಕು, ಭಾನುವಾರ ಸಂಜೆ ಐದಕ್ಕೆ, ಮಂಡಿಯ ಹಿಂದಿನ ಬಯಲಲ್ಲಿ. ಮೂಲೆಯಲ್ಲಿ ಕಾಳನ ಮುಖ, ಅಂಗೈಯಷ್ಟು. ಅರ್ಧ ಮೈದಾ ಅಂಟಿನಲ್ಲಿ ಸುಕ್ಕಾಗಿತ್ತು. ಉಗುರಿನಿಂದ ನೇರ ಮಾಡಿ ಬಂದೆ.

ಅವ್ವನಿಗೆ ಹೇಳಿದೆ. "ಹೆಣ್ಮಕ್ಳು ಗಂಡಸ್ರ ಚಡ್ಡಿ ನೋಡಾಕ ಹೋಗದೇನು? ಮೂಕಮ್ಮನ ಮಗಳು ಅಂತ ನನ್ ಹೆಸ್ರಲ್ಲೇ ನಗ್ತಾರ" ಎಂದಳು. ಅಪ್ಪ ಕರೆದುಕೊಂಡು ಹೋದರೆ ಮಾತ್ರ.

ಅಪ್ಪ. ಒಂದು ಕಾಲದ ರಾಜಪ್ಪ ಪೈಲ್ವಾನ್. ಈಗ ಐವತ್ತೇಳು. ಮಂಡಿಯಲ್ಲಿ ಮೆಕ್ಕೆಜೋಳದ ಚೀಲದ ಬಾಯಿ ಹೊಲಿಯುತ್ತಾನೆ. ನನ್ನ ಫೋನಿನ ಕುಸ್ತಿ ಕಂಡರೆ ಆಗದು. ಕೋತಿ ಕುಣಿತ ಎನ್ನುತ್ತಾನೆ.

ರಾತ್ರಿ ಊಟಕ್ಕೆ ಬಡಿಸುತ್ತಾ ಹೇಳಿದೆ — "ಅಪ್ಪಾ, ಮಂಡಿ ಹಿಂದೆ ಕುಸ್ತಿ ಐತಂತೆ."

"ಅದಾ? ಕೋತಿ ಕುಣಿತ?"

"ಅಲ್ಲಪ್ಪ. ಖರೇ ಕುಸ್ತಿ."

ಎರಡೇ ಮಾತು. ಅಪ್ಪ ತುತ್ತು ಹಿಡಿದೇ ಕೂತ. "ಎಷ್ಟ್ ವರ್ಷ ಆತು ನಮ್ಮೂರಾಗ ಕುಸ್ತಿ ಆಗಿ" ಎಂದ. ಕರೆದುಕೊಂಡು ಹೋಗುತ್ತಾನಂತೆ.

20 ಜನವರಿ, ಸೋಮವಾರ. ಬೆಳಗ್ಗೆ 5

ನಿನ್ನೆಯದೆಲ್ಲಾ ಬರೆಯಬೇಕು. ಇವತ್ತು ಬರೆಯದಿದ್ದರೆ ನನ್ನ ಮನಸ್ಸೇ ಬೇರೆ ಥರ ಮಾಡಿಬಿಡುತ್ತದೆ.

ಪ್ಲಾಸ್ಟಿಕ್ ಕುರ್ಚಿ, ನಾಲ್ಕನೇ ಸಾಲು. ವಿಡಿಯೊದಲ್ಲಿ ದೊಡ್ಡದಾಗಿ ಕಾಣುವ ರಿಂಗ್ ನಮ್ಮ ಅಂಗಳದಷ್ಟೇ ಇದೆ. ಹಗ್ಗಕ್ಕೆ ಕೆಂಪು ಟೇಪು ಸುತ್ತಿದ್ದಾರೆ. ಯಾರಾದರೂ ಬಿದ್ದರೆ ಕೆಳಗಿನ ಹಲಗೆ ಬೀರು ಬಿದ್ದಂತೆ ಸದ್ದು ಮಾಡುತ್ತದೆ. ಎದೆಗೇ ತಾಗುತ್ತದೆ. ಫೋನಿನಲ್ಲಿ ಅದು ಇರಲೇ ಇಲ್ಲ. ಬೆವರಿನ ವಾಸನೆ, ಮಂಡಕ್ಕಿ ಗಿರ್ಮಿಟ್ಟಿನ ವಾಸನೆ. ಹೆಂಗಸರು ಹತ್ತು ಜನ ಇದ್ದರೇನೋ.

ಅಪ್ಪ ಇಸ್ತ್ರಿ ಅಂಗಿ ಹಾಕಿದ್ದ. ಮೊಣಕಾಲ ಮೇಲೆ ಎರಡೂ ಕೈ ಇಟ್ಟು ನೆಟ್ಟಗೆ ಕೂತಿದ್ದ. ಮೊದಲನೇ ಜೋಡಿಯಲ್ಲಿ ಒಬ್ಬನ ಬೆನ್ನು ನೆಲಕ್ಕೆ ಹತ್ತಿತು. ಅಪ್ಪ ಎದ್ದೇಬಿಟ್ಟ.

"ಚಿತ್ ಆತು! ಮುಗೀತು!"

ಬಿದ್ದವನು ಎದ್ದು ಮತ್ತೆ ಹೊಡೆದ. ಅಪ್ಪ ನನ್ನ ಮುಖ ನೋಡಿದ. "ಬೆನ್ ಹತ್ತಿತಲ್ಲ. ಯಾಕ್ ಎದ್ದ?"

"ರೂಲ್ಸ್ ಬೇರೆ ಆಗ್ಯಾವಪ್ಪ ಈಗ."

ಅಪ್ಪ ತಲೆಯಾಡಿಸಿ ಕೂತ. ನಂಬಿದ.

ಆಮೇಲೆ ಕಾಳ. ಲೈಟ್ ಕೆಂಪಾಯಿತು. ಕೋಟು, ಕನ್ನಡಕ, ಸೆಂಟು. ನನ್ನಿಂದ ಹತ್ತು ಹೆಜ್ಜೆ ದೂರ. ಜನ ಹೋ ಎಂದು ಬೈಯುತ್ತಿದ್ದರು. ನಾನೂ ಬಾಯಿ ತೆರೆದೆ. "ಕಾಳಾ" ಎಂದೆ. ಹುಟ್ಟಿದ ಮೇಲೆ ಜನರ ನಡುವೆ ಕೂಗಿದ್ದು ಅದೇ ಮೊದಲು. ಯಾರಿಗೂ ಕೇಳಲಿಲ್ಲ. ನನಗೆ ಕೇಳಿತು. ಸಾಕು.

ಕಾಳ ಮೈಕ್ ಹಿಡಿದ. "ಅರೆ ಓ ಶಿಕಾರಿಪುರ್! ಮೆಕ್ಕೆಜೋಳ ಬಿಟ್ರೆ ಇಲ್ಲಿ ಏನೂ ಬೆಳ್ಯಲ್ವಾ? ಒಬ್ಬ ಗಂಡ್ಸೂ ಬೆಳ್ದಿಲ್ವಾ?" ಬಲಗೈ ಎತ್ತಿ ರಿಂಗಿನಲ್ಲಿ ಸುತ್ತು ಹೊಡೆಯತೊಡಗಿದ. ಎಲ್ಲಾ ಊರಲ್ಲೂ ಇದನ್ನೇ ಮಾಡುತ್ತಾನೆ. ಮೂರು ಸುತ್ತು. ಮೂರನೆಯದು ಮುಗಿಯುವಾಗ ಹಾಡು ಬರುತ್ತದೆ, ತುಂಗಾ ಹುಲಿ ಓಡಿ ಬರುತ್ತಾನೆ, ಕಾಳನನ್ನು ಬಡಿಯುತ್ತಾನೆ.

ಅಪ್ಪ ಬೇರೆಯದೇ ಲೆಕ್ಕ ಹಿಡಿದಿದ್ದ. ನಾನು ಚಿಕ್ಕವಳಿದ್ದಾಗ ಹೇಳುತ್ತಿದ್ದ — ಅಖಾಡದಲ್ಲಿ ಪೈಲ್ವಾನ ಬಲಗೈ ಎತ್ತಿ ಸುತ್ತು ಹಾಕಿದರೆ ಜೋಡಿ ಕೇಳುತ್ತಿದ್ದಾನೆ ಎಂದರ್ಥ. ಒಪ್ಪಿದವನು ಚಿಟಿಕೆ ಮಣ್ಣು ತೆಗೆದು ಆ ಕೈಯಲ್ಲಿ ಇಡಬೇಕು. ಅದಕ್ಕೇ ಕೈ ಕೊಡುವುದು ಎನ್ನುವುದು. ಮೂರು ಸುತ್ತು ಆದರೂ ಯಾರೂ ಕೈ ಕೊಡದಿದ್ದರೆ ಸೋತದ್ದು ಇಡೀ ಊರು.

"ಒಂದಾತು" ಎಂದ ಅಪ್ಪ.

ಜನ ನಗುತ್ತಿದ್ದರು, ಸೀಟಿ ಹೊಡೆಯುತ್ತಿದ್ದರು.

"ಎರಡು. ಯಾರೂ ಏಳವಲ್ರಲ್ಲ ರೋಜಾ. ಊರಾಗ ಯಾರೂ ಇಲ್ಲೇನು?"

ಕೂತ್ಕೋ ಅಪ್ಪಾ, ಹುಲಿ ಬರ್ತಾನೆ, ಇದು ಆಟ — ಇಷ್ಟು ಹೇಳಬೇಕಿತ್ತು. ಸುತ್ತ ಜನ. ಹಿಂದಿನ ಸಾಲಿನವರಿಗೆ ಕೇಳಿಸುತ್ತದೆ... ಸುಳ್ಳು ಹೇಳಿ ಕರೆತಂದದ್ದು ಗೊತ್ತಾಗುತ್ತದೆ... ಅಷ್ಟರಲ್ಲಿ ಅಪ್ಪ ಅಂಗಿ ಬಿಚ್ಚಿ ನನ್ನ ತೊಡೆಯ ಮೇಲೆ ಇಟ್ಟ.

ಹಗ್ಗದ ನಡುವೆ ನುಗ್ಗಲು ಬರಲಿಲ್ಲ. ಕೆಳಗಿಂದ ತೆವಳಿ ಹತ್ತಿದ. ಬಗ್ಗಿ ಮಣ್ಣು ಹುಡುಕಿದ. ಬರೀ ಕ್ಯಾನ್ವಾಸ್. ಮತ್ತೆ ಇಳಿದ, ಬಯಲಿನ ಮಣ್ಣು ಚಿವುಟಿದ, ಮತ್ತೆ ಹತ್ತಿದ. ಕಾಳನ ಕೈಯಲ್ಲಿ ಇಟ್ಟ. ಜನ ಎದ್ದು ನಿಂತರು. "ರಾಜಪ್ಪಾ! ರಾಜಪ್ಪ ಪೈಲ್ವಾನಾ!" ಮಂಡಿಯವರೆಲ್ಲಾ ಕುರ್ಚಿಯ ಮೇಲೆ.

ಕಾಳ ಅಂಗೈಯ ಮಣ್ಣು ನೋಡಿದ. ರೆಫ್ರಿಯನ್ನು ನೋಡಿದ. ಹಾಡು ಶುರುವಾಗಿತ್ತು, ಯಾರೋ ನಿಲ್ಲಿಸಿದರು. ಕಾಳ ಕನ್ನಡಕ ತೆಗೆದು ಕೋಟಿನೊಳಗೆ ಇಟ್ಟು ಕೋಟು ಬಿಚ್ಚಿದ. ಬಗ್ಗಿ ನಿಂತ.

ಅಪ್ಪ ಅವನ ತೋಳು ಹಿಡಿದು, ತಿರುಗಿ, ಬೆನ್ನ ಮೇಲಿಂದ ಅಗಸ ಬಟ್ಟೆ ಒಗೆದಂತೆ — ಧೋಬಿ ಪಟ್ಟು. ಕಾಳ ಗಾಳಿಯಲ್ಲಿ ತಿರುಗಿ ಬಿದ್ದ. ಬೀರು ಬಿದ್ದ ಸದ್ದು. ರೆಫ್ರಿ ಮೂರು ಎಣಿಸಿದ. ಗಂಟೆ.

ಎಲ್ಲರೂ ಅಪ್ಪನ ಕೈ ನೋಡುತ್ತಿದ್ದರು. ನಾನು ಕಾಳನ ಎಡಗಾಲು ನೋಡುತ್ತಿದ್ದೆ. ಜಿಗಿದ.

ಅದೇ ದಿನ, ಮಧ್ಯಾಹ್ನ

ಇನ್ನೊಂದು ಬಿಟ್ಟುಹೋಯಿತು. ಅಪ್ಪನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದಾಗ ಅಂಗಿ ಹಿಡಿದು ಟೆಂಟಿನ ಹಿಂದೆ ಹೋದೆ. ಫೋಟೊ ಕೇಳಬೇಕಿತ್ತು. ಕಾಳ ತಗಡಿನ ಪೆಟ್ಟಿಗೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಹತ್ತಿರದಿಂದ ಸಣ್ಣವನು. ಬಾಂಬೆಯವನಲ್ಲ. ಹೆಸರು ರವಿ, ಊರು ಬ್ಯಾಡಗಿ ಕಡೆ, ಉಳಿದ ದಿನ ಗೂಡ್ಸ್ ಗಾಡಿ ಹೊಡೆಯುತ್ತಾನಂತೆ.

"ಪೈಲ್ವಾನ್ರ ಮಗಳೇನವಾ?"

ತಲೆಯಾಡಿಸಿದೆ. ಹೇಗೋ ಬಾಯಿಗೆ ಬಂತು — "ನೀವು ಜಿಗಿದ್ರಿ."

ಅವನು ಲೋಟ ಕೆಳಗಿಟ್ಟ. "ಕಂಡ್ತಾ? ಇಷ್ಟ್ ವರ್ಷದಾಗ ಒಬ್ರೂ ಹೇಳಿಲ್ಲ ನೋಡು." ನಕ್ಕ. ಆಮೇಲೆ ನಗು ಬಿಟ್ಟು ಹೇಳಿದ — "ಹೇಳಬ್ಯಾಡ ಅವ್ರಿಗೆ. ಮುಖ ನೋಡಿದ್ಯಾ? ಅಂಥಾ ಮುಖ ಮಾಡಾಕ ನಮ್ಗ ರೊಕ್ಕ ಕೊಟ್ರೂ ಬರಲ್ಲ."

ಹೇಳಲ್ಲ ಎಂದೆ. ಕೈ ಕುಲುಕಿದ. ಫೋಟೊ ಮರೆತೆ. ಬಾಂಬೆ ಕಾಳನ ಗುಟ್ಟು ನನ್ನ ಹತ್ತಿರ ಇದೆ... ಇವತ್ತು ಒಂದು ರೊಟ್ಟಿಯ ಅಂಚೂ ಒಡೆಯಲಿಲ್ಲ.

25 ಜನವರಿ, ಶನಿವಾರ

ವಿಡಿಯೊ ಎಲ್ಲರ ಫೋನಿನಲ್ಲಿ. ತೊಗರ್ಸಿಯಿಂದ, ಉಡುತಡಿಯಿಂದ ಮಂಡಿಗೆ ಬಂದವರು ಅಪ್ಪನ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅಪ್ಪ ನಡೆಯುವುದೇ ಬೇರೆಯಾಗಿದೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ಬಸ್ಕಿ. ಹಿತ್ತಲಲ್ಲಿ ಚೀಲಕ್ಕೆ ಮರಳು ತುಂಬಿ ಧೋಬಿ ಪಟ್ಟು.

"ಆ ದೈತ್ಯ ನನ್ ಬೆನ್ ಮ್ಯಾಲೆ ಹತ್ತಿ ಮೂಟೆ ಆಗಿದ್ದ ನೋಡು" ಎನ್ನುತ್ತಾನೆ. "ಕಸುವು ಎಲ್ಲೂ ಹೋಗಿಲ್ಲ. ಒಳಗ ಕುಂತಿತ್ತು."

ಅವ್ವ ಬೈಯುತ್ತಾಳೆ, ಒಂದು ಲೋಟ ಹಾಲು ಹೆಚ್ಚು ಕೊಡುತ್ತಾಳೆ.

30 ಜನವರಿ, ಗುರುವಾರ

ಸೊರಬದಿಂದ ಫೋನ್. ಫೆಬ್ರವರಿ ಹದಿನಾರಕ್ಕೆ ಅಲ್ಲಿ ಕುಸ್ತಿ ಪಂದ್ಯ. ಇದು ನಿಜವಾದ ಕುಸ್ತಿ, ಮಣ್ಣಿನದು. ಹಳೇ ಪೈಲ್ವಾನರಿಗೆ ಶಾಲು ಹೊದಿಸುತ್ತಾರಂತೆ. ಅಪ್ಪನನ್ನೂ ಕರೆದಿದ್ದಾರೆ.

ಫೋನ್ ಇಟ್ಟು ಅಪ್ಪ ಹೇಳಿದ — "ಶಾಲು ಹೊದ್ಕೊಂಡು ಕುಂದ್ರಾಕ ಹೋಗ್ತೀನಾ? ಕೈ ಎತ್ತಿ ಸುತ್ತು ಹಾಕ್ತೀನಿ."

ಅವ್ವ ನಕ್ಕಳು. ನಾನು ನಗಲಿಲ್ಲ.

5 ಫೆಬ್ರವರಿ, ಬುಧವಾರ

ಹೇಳಬೇಕು.

ಇವತ್ತು ಬೆನ್ನಿಗೆ ಎಣ್ಣೆ ತಿಕ್ಕುವಾಗ ಶುರು ಮಾಡಿದೆ. "ಅಪ್ಪಾ, ಅವತ್ತು ಆ ಕಾಳ—"

"ಒಳ್ಳೇ ಪೈಲ್ವಾನ" ಎಂದ. "ಸೋತ್ ಮ್ಯಾಲೂ ನನ್ ಕಾಲ್ ಮುಟ್ಟಿದ. ಇಪ್ಪತ್ತಾರು ವರ್ಷದ ಹಿಂದೆ ನಾ ಸೋತಾಗ ನನಗದು ಆಗಿರ್ಲಿಲ್ಲ. ಮಣ್ಣು ಒದ್ದು ಬಂದಿದ್ದೆ. ಆಮ್ಯಾಲೆ ಅಖಾಡ ತುಳೀಲಿಲ್ಲ."

ನನಗೆ ಗೊತ್ತಿರಲಿಲ್ಲ. ಬಿಟ್ಟದ್ದು ನಾನು ಹುಟ್ಟಿದ್ದಕ್ಕೆ ಎಂದುಕೊಂಡಿದ್ದೆ. ಎಣ್ಣೆ ತಿಕ್ಕಿದೆ. ಹೇಳಲಿಲ್ಲ.

9 ಫೆಬ್ರವರಿ, ಭಾನುವಾರ

ಧಡಂ ಪೇಜಿಗೆ ಮೆಸೇಜ್ ಹಾಕಿದ್ದೆ, ರವಿಗೆ ಕೊಡಿ ಎಂದು. ಎಂಟು ಸಲ ಬರೆದು ಅಳಿಸಿ. ಇವತ್ತು ಅವನ ವಾಯ್ಸ್ ಬಂತು. ಹಿಂದೆ ಗಾಡಿಯ ಸದ್ದು.

"ತಂಗೀ, ಹೇಳಿಬಿಡವ್ವಾ. ಈಗ್ಲೇ ಹೇಳಿಬಿಡು. ನಾ ಬ್ಯಾಡ ಅಂದಿದ್ದು ಅವತ್ತಿನ ಮಟ್ಟಿಗೆ. ಅಲ್ಲಿ ಯಾರೂ ಜಿಗಿಯಲ್ಲ. ನಿನ್ ಬಾಯಾಗ ಬರ್ಲಿಲ್ಲಂದ್ರ ಇದನ್ನ ಹಚ್ಚು. ಪೈಲ್ವಾನ್ರೇ, ನಾನು ರವಿ ಮಾತಾಡದು, ಅವತ್ತು ನಾನಾಗೇ ಬಿದ್ದೆ. ತಪ್ಪಾತು."

ಅಪ್ಪ ಹಿತ್ತಲಲ್ಲಿ ಇದ್ದ. ಫೋನ್ ಹಿಡಿದು ಹೋದೆ. ಮರಳಿನ ಚೀಲ ಎತ್ತಿ ಒಗೆದು ಏದುಸಿರು ಬಿಡುತ್ತಾ ನಿಂತಿದ್ದ. ಬೆರಳು ಇಟ್ಟೆ. "ತಂಗೀ" ಎಂದು ಶುರುವಾಯಿತು.

"ಯಾರದದು?"

"ಅಡ್ವಟೈಸು" ಎಂದೆ. ಬಂದ್ ಮಾಡಿದೆ.

15 ಫೆಬ್ರವರಿ, ಶನಿವಾರ. ಸಂಜೆ

ಚೀಟಿ ಬರೆದೆ. *ಅಪ್ಪಾ ಅದು ಆಟ. ಅವನೇ ಬಿದ್ದ. ನಾನು ಸುಳ್ಳು ಹೇಳಿ ಕರೆದುಕೊಂಡು ಹೋಗಿದ್ದೆ. ನಾಳೆ ಕೈ ಎತ್ತಬೇಡ.* ಇಸ್ತ್ರಿ ಅಂಗಿಯ ಜೇಬಿನಲ್ಲಿ ಇಟ್ಟೆ.

ಅರ್ಧ ಗಂಟೆ ಆದ ಮೇಲೆ ತೆಗೆದೆ. ಅಕ್ಷರ ಕೆಟ್ಟದಾಗಿತ್ತು. ಬಸ್ಸಿನಲ್ಲಿ ಯಾರ ಕೈಯಲ್ಲಾದರೂ ಓದಿಸಿದರೆ... ಒಲೆಗೆ ಹಾಕಿದೆ.

ಸೊರಬದವರು ತಿಳಿದವರು. ವಯಸ್ಸಾದವರನ್ನು ಕುಸ್ತಿಗೆ ಬಿಡುವುದಿಲ್ಲ. ಯಾರೂ ಕೈ ಕೊಡುವುದಿಲ್ಲ. ಮೂರು ಸುತ್ತು ಹಾಕಿ, ಶಾಲು ಹೊದ್ದು ಬರುತ್ತಾನೆ.

26 ಫೆಬ್ರವರಿ, ಬುಧವಾರ. ಶಿವಮೊಗ್ಗ

ಆಸ್ಪತ್ರೆಯ ಹೊರಗಿನ ಬೆಂಚು. ಅವ್ವ ಒಳಗೆ.

ಬರೆಯುತ್ತೇನೆ.

ಹದಿನಾರಕ್ಕೆ ಅಪ್ಪನ ಜೊತೆ ಸೊರಬಕ್ಕೆ ನಾನೂ ಹೋಗಿದ್ದೆ. ಯಾರೂ ಕೈ ಕೊಡಲಿಲ್ಲ. ಶಾಲು ಹೊದಿಸಿದರು, ಪೇಟ ಇಟ್ಟರು. ಅಪ್ಪ ಎರಡೂ ತೆಗೆದು ನನ್ನ ಕೈಗೆ ಕೊಟ್ಟು ಅಖಾಡಕ್ಕೆ ಇಳಿದ. ಒಂದು ಸುತ್ತು. ಎರಡು. ಜನ ಚಪ್ಪಾಳೆ ಹೊಡೆದರು, ಗೌರವಕ್ಕೆ. ಮೂರನೇ ಸುತ್ತಿನಲ್ಲಿ ಸೊರಬದ ಹುಡುಗನೊಬ್ಬನ ಮುಂದೆ ನಿಂತು, ಅಪ್ಪನೇ ಮಣ್ಣು ತೆಗೆದು ಅವನ ಮುಂದೆ ಹಿಡಿದ.

"ಬ್ಯಾಡ ಮಾರಾಯ್ರೇ. ಹಿರೇರು ನೀವು. ನಾ ಮುಟ್ಟದಿಲ್ಲ."

"ನಂಗ ದಯೆ ತೋರಿಸ್ತೀಯೇನಲೇ? ವಿಡಿಯೊ ನೋಡಿಲ್ಲೇನು?"

"ನೋಡೀನಿ. ಅದು..." ಹುಡುಗ ನನ್ನ ಕಡೆ ನೋಡಿದ. ಯಾಕೆ ನನ್ನ ಕಡೆ ನೋಡಿದನೋ. ಅವನಿಗೂ ಗೊತ್ತಿತ್ತು. ವಿಡಿಯೊ ನೋಡಿದ ಎಷ್ಟೋ ಜನಕ್ಕೆ ಗೊತ್ತಿತ್ತೇನೋ. ಎಲ್ಲರೂ ನನ್ನಂತೆಯೇ ಸುಮ್ಮನಿದ್ದರು.

ನಾನು ಶಾಲು ಹಿಡಿದು ನಿಂತಿದ್ದೆ.

ಅಪ್ಪ ಅವನ ಎದೆ ತಳ್ಳಿದ. ಹುಡುಗ ಅಖಾಡಕ್ಕೆ ಇಳಿದ. ಅಪ್ಪನೇ ತೋಳು ಹಿಡಿದು ತಿರುಗಿದ. ಪಟ್ಟು ಸರಿಯಾಗಿಯೇ ಇತ್ತು. ಹುಡುಗ ಜಿಗಿಯಲಿಲ್ಲ. ಯಾಕೆ ಜಿಗಿಯಬೇಕು. ಪೂರ್ತಿ ಭಾರ ಅಪ್ಪನ ಬೆನ್ನ ಮೇಲೆ ಬಂತು. ಅಪ್ಪನ ತಲೆ ಮೊದಲು ನೆಲಕ್ಕೆ ಹೋಯಿತು, ಅದರ ಮೇಲೆ ಇಬ್ಬರೂ.

ಮಣ್ಣು. ಸದ್ದೇ ಬರಲಿಲ್ಲ.

ಹುಡುಗ ಅಳುತ್ತಾ ಆಂಬುಲೆನ್ಸಿನವರೆಗೂ ಬಂದ. ಅಪ್ಪನ ಕುತ್ತಿಗೆಯ ಮೂಳೆ. ಆಪರೇಷನ್ ಆಗಿದೆ. ಕೈ ಸ್ವಲ್ಪ ಆಡುತ್ತದೆ, ಬೆರಳು ಮಡಚುವುದಿಲ್ಲ. ಎದೆಯಿಂದ ಕೆಳಗೆ ಇಲ್ಲ. ಬರುತ್ತದಾ ಎಂದು ಅವ್ವ ಕೇಳಿದಳು. ಡಾಕ್ಟರ್ ಅವ್ವನ ಹೆಗಲ ಮೇಲೆ ಕೈ ಇಟ್ಟರು, ಬರುವುದಿಲ್ಲ ಎಂದರು.

9 ಮಾರ್ಚ್, ಭಾನುವಾರ

ಮನೆಗೆ ಬಂದು ನಾಲ್ಕು ದಿನ. ಹಗಲು ಅವ್ವ, ಬೆಳಗ್ಗೆ ಸಂಜೆ ನಾನು. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು. ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ.

ಅಪ್ಪನಿಗೆ ಒಂದೇ ಮಾತು. "ಕಾಳನ ಮ್ಯಾಲೆ ಕುಂತ ಪಟ್ಟು ಆ ಹುಡುಗನ ಮ್ಯಾಲೆ ಯಾಕ್ ಕೂರ್ಲಿಲ್ಲ?" ಬಂದವರನ್ನೆಲ್ಲಾ ಕೇಳುತ್ತಾನೆ. ಕಾಲು ತಪ್ಪಿರಬೇಕು, ಮಣ್ಣು ಹಸಿ ಇದ್ದಿರಬೇಕು... ಬಂದವರು ಹೌದು ಹೌದು ಎನ್ನುತ್ತಾರೆ.

ಈಗ ಹೇಳಿದರೆ ಆ ಒಂದು ಗೆಲುವೂ ಹೋಗುತ್ತದೆ. ಹೇಳದಿದ್ದರೆ ದಿನವೂ ತನ್ನ ಕಾಲನ್ನೇ ಬೈಯುತ್ತಾನೆ. ಹೇಳುವ ದಿನ ಇತ್ತು. ಹದಿನೈದು ಇಪ್ಪತ್ತು ದಿನ ಇತ್ತು.

13 ಮಾರ್ಚ್, ಗುರುವಾರ

ರವಿ ಬಂದಿದ್ದ. ಗೂಡ್ಸ್ ಗಾಡಿ ರಸ್ತೆಯಲ್ಲೇ ಬಿಟ್ಟು, ಒಂದು ಚೀಲ ಮೋಸಂಬಿ ಹಿಡಿದು. ಕನ್ನಡಕ ಇಲ್ಲ, ಕೋಟು ಇಲ್ಲ. ಅಪ್ಪನಿಗೆ ಮೊದಲು ಗುರುತು ಸಿಗಲಿಲ್ಲ. ಸಿಕ್ಕ ಮೇಲೆ ಮುಖ ಅರಳಿತು.

"ಬಾರಪ್ಪ ಪೈಲ್ವಾನ! ನೀನಾರ ಹೇಳು. ಅವತ್ತು ನನ್ ಪಟ್ಟು ಹೆಂಗಿತ್ತು?"

ರವಿ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

"ಬಿಡಿಸ್ಕೊಳ್ಳಾಕ ಆಗ್ಲಿಲ್ಲ ನೋಡ್ರಿ" ಎಂದ ರವಿ. ಕಾಳನ ದನಿ ಅಲ್ಲ. ಸಣ್ಣ ದನಿ.

"ಕೇಳ್ದ್ಯೇನೇ ಮೂಕಿ?" ಅಪ್ಪ ಅವ್ವನನ್ನು ಕೂಗಿದ. "ಆದ್ರೂ ನೀ ಭಾಳ ಹಗುರ ಇದ್ದೆಪ್ಪ. ಚೆನ್ನಾಗಿ ಉಣ್ಣು."

ಹೊರಗೆ ರವಿ ಗಾಡಿಯ ಬಾಗಿಲು ತೆಗೆದ. ಇನ್ನು ಸುತ್ತು ಹಾಕುವುದಿಲ್ಲ, ಕಂಪನಿ ಬಿಟ್ಟೆ ಎಂದ. ನೀನು ಹೇಳಲಿಲ್ಲವಾ ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಹೋದ ಮೇಲೆ ಫೋನಿನಲ್ಲಿದ್ದ ಅವನ ವಿಡಿಯೊಗಳನ್ನೆಲ್ಲಾ ಅಳಿಸಿದೆ. ಏನೂ ಅನಿಸಲಿಲ್ಲ.

20 ಮಾರ್ಚ್, ಗುರುವಾರ. ಬೆಳಗ್ಗೆ 7

ರಾತ್ರಿಯೆಲ್ಲಾ ಯೋಚಿಸಿದ್ದೆ, ಬೆಳಗ್ಗೆ ಹೇಳಿಬಿಡುವುದು ಎಂದು. ಅವ್ವ ನೀರಿಗೆ ಹೋಗಿದ್ದಳು. ಮನೆಯಲ್ಲಿ ನಾವಿಬ್ಬರೇ. ಜನ ಯಾರೂ ಇಲ್ಲ.

ಅಪ್ಪನ ಕಾಲುಗುರು ಬೆಳೆದಿದ್ದವು. ತೆಗೆಯುತ್ತಾ ಹೇಳೋಣ, ಮುಖ ನೋಡುವುದು ಬೇಡ ಎಂದು ಕಾಲ ಹತ್ತಿರ ಕೂತೆ. ಎಡಗಾಲಿನದು ಐದೂ ತೆಗೆದೆ. ಅಪ್ಪ ಸೂರು ನೋಡುತ್ತಾ ಶಿಕಾರಿಪುರದ ಆ ಪಟ್ಟು ಮತ್ತೆ ಹೇಳುತ್ತಿದ್ದ, ಕೈ ಹೇಗೆ ಹಿಡಿದೆ, ಹೇಗೆ ತಿರುಗಿದೆ. ಬಲಗಾಲಿನ ಹೆಬ್ಬೆರಳಿಗೆ ಬಂದಾಗ "ಅಪ್ಪಾ" ಎಂದೆ. ಕಟರ್ ಜಾರಿ ಒಳಗೆ ಹೋಯಿತು. ರಕ್ತ ಬಂತು. ಬಹಳ ಬಂತು.

ಅಪ್ಪ ಹೇಳುತ್ತಲೇ ಇದ್ದ. ನಗುತ್ತಿದ್ದ.

ಅರಿಶಿನ ಒತ್ತಿ ಬಟ್ಟೆ ಕಟ್ಟಿದೆ. ಹೊದಿಕೆ ಎಳೆದು ಮುಚ್ಚಿದೆ. "ಏನೋ ಅಂದ್ಯಲ್ಲ?" ಎಂದ ಅಪ್ಪ. ಇನ್ನೂ ನಾಲ್ಕು ಬೆರಳು ಉಳಿದಿದ್ದವು, ನಾನು ಹೊದಿಕೆ ಸರಿಸಿ ಮತ್ತೆ ಕಟರ್ ಹಿಡಿದೆ.